ಕರ್ನಲ್ ಮತ್ತು ಸಾಧನ ಚಾಲಕಗಳ ನಡುವಣ ಒಡಂಬಡಿಕೆ: ಲಿನಕ್ಸ್‌ನ ಅನುಭವದ ಹಿನ್ನೆಲೆಯಲ್ಲಿ ಒಂದು ವಿವೇಚನೆ

೧. ಪೀಠಿಕೆ

ಗಣಕವನ್ನು ಒಂದೇ ಯಂತ್ರವೆಂಬಂತೆ ನಾವು ವ್ಯವಹರಿಸುತ್ತೇವೆಯಾದರೂ ವಾಸ್ತವದಲ್ಲಿ ಅದು ಹಲವು ಸಾಧನಗಳ ಕೂಟ. ಕೀಲಿಮಣೆ, ತೆರೆ, ಡಿಸ್ಕ್, ಜಾಲಸಂಪರ್ಕದ ಕಾರ್ಡು, ಧ್ವನಿಸಾಧನ, ಮುದ್ರಕ ಇವುಗಳಲ್ಲಿ ಪ್ರತಿಯೊಂದನ್ನೂ ಬೇರೆ ಬೇರೆ ತಯಾರಕರು, ಬೇರೆ ಬೇರೆ ಕಾಲದಲ್ಲಿ, ತಮ್ಮ ತಮ್ಮ ರೀತಿಯಲ್ಲಿ ರೂಪಿಸಿರುತ್ತಾರೆ. ಇವೆಲ್ಲವನ್ನೂ ಒಂದು ಶಿಸ್ತಿಗೆ ಒಳಪಡಿಸಿ, ಬಳಕೆದಾರನಿಗೆ ಅವುಗಳ ಭಿನ್ನತೆ ಗೋಚರಿಸದಂತೆ ನಡೆಸುವ ತಂತ್ರಾಂಶವೇ ಕಾರ್ಯಾಚರಣ ವ್ಯವಸ್ಥೆ. ಅದರ ತಿರುಳಿಗೆ ಕರ್ನಲ್ ಎಂದು ಹೆಸರು. ಒಂದು ನಿರ್ದಿಷ್ಟ ಸಾಧನದ ಭಾಷೆಯನ್ನು ಬಲ್ಲ, ಕರ್ನಲ್ಲಿನ ಅಪ್ಪಣೆಯನ್ನು ಆ ಸಾಧನಕ್ಕೆ ತಿಳಿಯುವಂತೆ ತಲುಪಿಸುವ ಕ್ರಮವಿಧಿಯನ್ನು ಸಾಧನ ಚಾಲಕ ಅಥವಾ ಡ್ರೈವರ್ ಎಂದು ಕರೆಯುತ್ತಾರೆ.

ಕರ್ನಲ್ಲಿಗೂ ಚಾಲಕಕ್ಕೂ ನಡುವೆ ಯಾರು ಯಾರನ್ನು ಯಾವಾಗ ಕರೆಯಬೇಕು, ಕೊಟ್ಟುದನ್ನು ಯಾರು ಹಿಂದಿರುಗಿಸಬೇಕು, ಯಾವ ಹೊತ್ತಿನಲ್ಲಿ ಏನನ್ನು ಮಾಡಕೂಡದು ಎಂಬ ನಿಯಮಾವಳಿಯೇ ಇಂಟರ್‌ಫೇಸ್. ಇದನ್ನು ಒಂದು ಒಡಂಬಡಿಕೆಯೆಂದು ತಿಳಿಯುವುದು ಉಚಿತ. ಆದರೆ ಇದು ಎದುರುಬದುರು ಕುಳಿತು ಮಾಡಿಕೊಂಡ ಒಡಂಬಡಿಕೆಯಲ್ಲ. ನಿಯಮವನ್ನು ಬರೆದವರು, ಹತ್ತು ವರ್ಷಗಳ ಅನಂತರ ಅದನ್ನು ಬಳಸಿ ಚಾಲಕವನ್ನು ರಚಿಸುವವರು, ಮತ್ತು ಅದರ ಫಲವನ್ನು ಅನುಭವಿಸುವ ಬಳಕೆದಾರರು ಪರಸ್ಪರ ಅಪರಿಚಿತರು. ಆದುದರಿಂದ ನಿಯಮದಲ್ಲಿ ಉಳಿದ ಅಸ್ಪಷ್ಟತೆಯನ್ನು ಮಾತಿನಿಂದ ತಿದ್ದುವ ಅವಕಾಶ ಅಲ್ಲಿಲ್ಲ. ಇಂಟರ್‌ಫೇಸಿನ ವಿನ್ಯಾಸವೆಂದರೆ ಮುಖ್ಯವಾಗಿ ಹೊಣೆಗಾರಿಕೆಯ ಹಂಚಿಕೆ, ಮತ್ತು ಆ ಹಂಚಿಕೆಯಲ್ಲಿ ಆದ ತಪ್ಪನ್ನು ಮುಂದೆ ತಿದ್ದಲು ಸಾಧ್ಯವಾಗುವಂತೆ ಇಟ್ಟುಕೊಳ್ಳುವ ಎಚ್ಚರ ಎಂಬುದು ಪ್ರಸ್ತುತ ಲೇಖನದ ಪ್ರತಿಪಾದನೆ.

ವಿವೇಚನೆಗೆ ಲಿನಕ್ಸ್ ಕರ್ನಲ್ಲನ್ನು ಆರಿಸಿಕೊಳ್ಳಲಾಗಿದೆ. ೧೯೯೧ರಲ್ಲಿ ಲಿನಸ್ ಟೋರ್ವಾಲ್ಡ್ಸ್ ಆರಂಭಿಸಿದ ಈ ಯೋಜನೆಯ ಮೂಲ ಆಕರವು ಮುಕ್ತವಾಗಿರುವುದರಿಂದ ಒಂದು ನಿಯಮ ಏಕೆ ಹುಟ್ಟಿತು, ಏಕೆ ಬದಲಾಯಿತು, ಏಕೆ ಕೈಬಿಡಲ್ಪಟ್ಟಿತು ಎಂಬುದನ್ನು ಆವೃತ್ತಿಯಿಂದ ಆವೃತ್ತಿಗೆ ಪರಿಶೀಲಿಸಬಹುದು. ವಿನ್ಯಾಸದ ಅಧ್ಯಯನಕ್ಕೆ ಇಂತಹ ದಾಖಲೆ ಬೇರೆಡೆ ಸುಲಭವಾಗಿ ದೊರೆಯುವುದಿಲ್ಲ.

೨. ಚಾಲಕಗಳ ವಿಷಯದಲ್ಲಿ ಇಷ್ಟು ಎಚ್ಚರವೇಕೆ?

ಸಾಮಾನ್ಯ ಆನ್ವಯಿಕ ತಂತ್ರಾಂಶವೊಂದು ತಪ್ಪಿದರೆ ಆ ಒಂದು ತಂತ್ರಾಂಶ ಮಾತ್ರ ನಿಲ್ಲುತ್ತದೆ. ಚಾಲಕದ ಸ್ಥಿತಿ ಹಾಗಲ್ಲ. ಲಿನಕ್ಸ್‌ನಲ್ಲಿ ಹೆಚ್ಚಿನ ಚಾಲಕಗಳು ಕರ್ನಲ್ಲಿನ ಅಧಿಕಾರದೊಂದಿಗೇ, ಕರ್ನಲ್ಲಿನ ಸ್ಮೃತಿಯಲ್ಲೇ ನಡೆಯುತ್ತವೆ. ಅಲ್ಲಿ ಒಂದು ತಪ್ಪು ವಿಳಾಸಕ್ಕೆ ಬರೆದರೆ ಇಡೀ ಯಂತ್ರ ಸ್ತಬ್ಧವಾಗಬಹುದು, ಕಡತಗಳು ಕೆಡಬಹುದು, ಹೊರಗಿನವರಿಗೆ ಒಳನುಗ್ಗುವ ದಾರಿ ತೆರೆಯಬಹುದು. ಇದರೊಂದಿಗೆ ಗಾತ್ರವನ್ನೂ ಗಮನಿಸಬೇಕು. ಲಿನಕ್ಸ್‌ನ ಮೂಲ ಆಕರದಲ್ಲಿ ಅರ್ಧಕ್ಕಿಂತ ಹೆಚ್ಚಿನ ಭಾಗ ಚಾಲಕಗಳದೇ ಆಗಿದೆ.

೨೦೦೧ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಆಂಡಿ ಚೌ ಮತ್ತು ಸಹಸಂಶೋಧಕರು ಪ್ರಕಟಿಸಿದ ಅಧ್ಯಯನವೊಂದು, ಲಿನಕ್ಸ್‌ನಲ್ಲಿ ಚಾಲಕಗಳ ದೋಷದ ಪ್ರಮಾಣವು ಕರ್ನಲ್ಲಿನ ಇತರ ಭಾಗಗಳಿಗಿಂತ ಮೂರರಿಂದ ಏಳು ಪಟ್ಟಿನವರೆಗೆ ಹೆಚ್ಚಾಗಿರುವುದನ್ನು ತೋರಿಸಿತು. ಹತ್ತು ವರ್ಷಗಳ ತರುವಾಯ, ೨೦೧೧ರಲ್ಲಿ, ನಿಕೊಲಾ ಪಾಲಿ, ಜೂಲಿಯಾ ಲಾವಾಲ್ ಮೊದಲಾದವರು ಇದೇ ಪ್ರಶ್ನೆಯನ್ನು ಮತ್ತೆ ಕೈಗೆತ್ತಿಕೊಂಡರು. ಒಟ್ಟು ದೋಷಗಳ ಸಂಖ್ಯೆಯಲ್ಲಿ ಚಾಲಕಗಳ ಪಾಲು ಆಗಲೂ ದೊಡ್ಡದೇ ಆಗಿತ್ತಾದರೂ ದೋಷದ ಪ್ರಮಾಣವು ಪ್ರೊಸೆಸರ್‌ಗೆ ಸಂಬಂಧಿಸಿದ ಭಾಗ ಹಾಗೂ ಕಡತ ವ್ಯವಸ್ಥೆಗಳಿಗಿಂತ ಕೆಳಕ್ಕಿಳಿದಿತ್ತು. ಈ ಸುಧಾರಣೆಗೆ ಒಂದೇ ಕಾರಣವನ್ನು ಹೇಳಲಾಗದು. ಆದರೆ ಆ ದಶಕವು ಚಾಲಕಗಳ ಇಂಟರ್‌ಫೇಸು ಬಹುಮಟ್ಟಿಗೆ ಪುನರ್ರಚಿತವಾದ ದಶಕವೂ ಹೌದು ಎಂಬುದನ್ನು ಮರೆಯುವಂತಿಲ್ಲ.

ಯಂತ್ರಾಂಶದ ಸನಿಹದಲ್ಲಿ ಆಗುವ ತಪ್ಪಿನ ಸ್ವರೂಪವನ್ನು ಅರಿಯಲು ೨೦೦೮ರ ಒಂದು ಪ್ರಸಂಗ ಸಹಾಯಕ. ಲಿನಕ್ಸ್ ೨.೬.೨೭ರ ಪರೀಕ್ಷಾ ಆವೃತ್ತಿಗಳನ್ನು ಬಳಸುತ್ತಿದ್ದ ಕೆಲವರ ಯಂತ್ರಗಳಲ್ಲಿ ಇಂಟೆಲ್ ಸಂಸ್ಥೆಯ ಒಂದು ಬಗೆಯ ಜಾಲಸಾಧನವು ಹಠಾತ್ತಾಗಿ ನಿಷ್ಕ್ರಿಯವಾಯಿತು. ಯಂತ್ರವನ್ನು ಮತ್ತೆ ಚಾಲೂ ಮಾಡಿದರೂ ಸರಿಹೋಗಲಿಲ್ಲ. ಸಾಧನದೊಳಗಿನ ಶಾಶ್ವತ ಸ್ಮೃತಿಯೇ ಅಳಿಸಿಹೋಗಿತ್ತು. ಸಂಶಯ ಸಹಜವಾಗಿ ಆ ಸಾಧನದ ಚಾಲಕದ ಮೇಲೆ ಬಿತ್ತು. ಹಲವು ವಾರಗಳ ಶೋಧದ ಬಳಿಕ ತಿಳಿದುಬಂದುದು ಬೇರೆಯೇ. ಕರ್ನಲ್ಲಿನ ಕಾರ್ಯಗತಿಯನ್ನು ಅಳೆಯುವ ಇನ್ನೊಂದು ಅಂಗವು, ಆಗಲೇ ತೆರವಾಗಿದ್ದ ಸ್ಮೃತಿಯ ವಿಳಾಸಗಳನ್ನು ತನ್ನ ಪಟ್ಟಿಯಲ್ಲಿ ಉಳಿಸಿಕೊಂಡಿತ್ತು. ಆ ವಿಳಾಸಗಳು ಅನಂತರ ಜಾಲಸಾಧನದ ಪಾಲಿಗೆ ಬಂದಿದ್ದವು. ಹಳೆಯ ಬೆಲೆ ಇದೆಯೇ ಎಂದು ಹೋಲಿಸಿ, ಇದ್ದರೆ ಮಾತ್ರ ಬದಲಾಯಿಸುವ ಆದೇಶವನ್ನು ಅದು ಅಲ್ಲಿ ನಡೆಸಿತು. ಹೋಲಿಕೆ ಸರಿಬರದಿದ್ದಾಗಲೂ ಪ್ರೊಸೆಸರ್ ಆ ವಿಳಾಸಕ್ಕೆ ಒಮ್ಮೆ ಬರೆದೇ ಬರೆಯುತ್ತದೆ. ಸಾಧಾರಣ ಸ್ಮೃತಿಯಲ್ಲಿ ಇದರಿಂದ ಯಾವ ಹಾನಿಯೂ ಇಲ್ಲ. ಸಾಧನದ ವಿಳಾಸದಲ್ಲಿ ಅಂತಹ ಪ್ರತಿಯೊಂದು ಬರಹವೂ ಒಂದು ಅಪ್ಪಣೆಯೇ. ೨.೬.೨೭ನೆಯ ಆವೃತ್ತಿ ಅಕ್ಟೋಬರ್‌ನಲ್ಲಿ ಬಿಡುಗಡೆಯಾದ ಬೆನ್ನಿಗೇ ಆ ಅಂಗವನ್ನು ನಿಷ್ಕ್ರಿಯಗೊಳಿಸಲಾಯಿತು. ಸಾಧನದ ಶಾಶ್ವತ ಸ್ಮೃತಿಗೆ ಚಾಲಕವೇ ಬರಹದ ತಡೆಯನ್ನು ಹಾಕುವಂತೆಯೂ ತಿದ್ದಲಾಯಿತು.

ತನಗೆ ಕೊಟ್ಟಿದ್ದ ವಸ್ತು ತನ್ನದಾಗಿ ಉಳಿದಿಲ್ಲವೆಂಬುದನ್ನು ಒಂದು ಅಂಗ ಅರಿಯದೇ ಹೋದುದು ಇಲ್ಲಿಯ ಮೂಲದೋಷ. ಒಡೆತನ ಮತ್ತು ಕಾಲ ಇವೆರಡರ ಪ್ರಶ್ನೆಯೇ ಮುಂದಿನ ಎಲ್ಲ ವಿವೇಚನೆಯ ಕೇಂದ್ರದಲ್ಲಿದೆ.

೩. ಯೂನಿಕ್ಸ್‌ನಿಂದ ಬಂದ ಬಳುವಳಿ

೧೯೬೯ರಿಂದ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಅವರ ಕೈಯಲ್ಲಿ ರೂಪುಗೊಂಡ ಯೂನಿಕ್ಸ್ ವ್ಯವಸ್ಥೆಯು ಸಾಧನಗಳ ಸಮಸ್ಯೆಗೆ ಸರಳವಾದ ಉತ್ತರವೊಂದನ್ನು ನೀಡಿತು. ಅದರ ಪ್ರಕಾರ ಸಾಧನವೂ ಒಂದು ಕಡತ. ಕಡತವನ್ನು ತೆರೆಯುವ, ಓದುವ, ಬರೆಯುವ, ಮುಚ್ಚುವ ಕ್ರಿಯೆಗಳನ್ನೇ ಸಾಧನಕ್ಕೂ ಅನ್ವಯಿಸಿದರೆ ಆನ್ವಯಿಕ ತಂತ್ರಾಂಶವು ಹೊಸದೇನನ್ನೂ ಕಲಿಯಬೇಕಾಗಿಲ್ಲ. ಲಿನಕ್ಸ್ ಈ ಕ್ರಮವನ್ನು ಹಾಗೆಯೇ ಸ್ವೀಕರಿಸಿತು. ಚಾಲಕವು ತಾನು ಮಾಡಬಲ್ಲ ಕ್ರಿಯೆಗಳ ಫಂಕ್ಷನ್ನುಗಳನ್ನು ಒಂದು ಪಟ್ಟಿಯಲ್ಲಿ ತುಂಬಿ ಕರ್ನಲ್ಲಿಗೆ ಒಪ್ಪಿಸುತ್ತದೆ, ಕರ್ನಲ್ ಸಂದರ್ಭ ಬಂದಾಗ ಆ ಪಟ್ಟಿಯಿಂದ ತಕ್ಕುದನ್ನು ಆರಿಸಿ ಕರೆಯುತ್ತದೆ. ಅಂತೂ ಚಾಲಕವೆಂದರೆ ಕರೆ ಬಂದಾಗ ಉತ್ತರಿಸುವ ಫಂಕ್ಷನ್ನುಗಳ ಒಂದು ಗುಚ್ಛ.

ಈ ಸರಳತೆಗೆ ಮಿತಿಯೂ ಇತ್ತು. ಓದು ಮತ್ತು ಬರಹದ ಚೌಕಟ್ಟಿಗೆ ಒಗ್ಗದ ಅಪ್ಪಣೆಗಳು ಎಲ್ಲ ಸಾಧನಗಳಲ್ಲೂ ಇರುತ್ತವೆ. ಸಂವಹನದ ವೇಗವನ್ನು ಬದಲಿಸುವುದು, ತಟ್ಟೆಯನ್ನು ಹೊರಕ್ಕೆ ತಳ್ಳುವುದು ಇಂತಹವು. ಇವುಗಳಿಗಾಗಿ ೧೯೭೯ರ ಏಳನೆಯ ಆವೃತ್ತಿಯ ಯೂನಿಕ್ಸ್‌ನಲ್ಲಿ ಐಆಕ್ಟಲ್ ಎಂಬ ಕರೆ ಸೇರಿತು. ಅದಕ್ಕೆ ಒಂದು ಸಂಖ್ಯೆಯನ್ನೂ ಒಂದು ವಿಳಾಸವನ್ನೂ ಕೊಟ್ಟರಾಯಿತು, ಮುಂದಿನ ಅರ್ಥವೆಲ್ಲ ಚಾಲಕಕ್ಕೆ ಬಿಟ್ಟದ್ದು. ಮುಂಬಾಗಿಲಿನಲ್ಲಿ ಕಟ್ಟುನಿಟ್ಟು ಇದ್ದ ಮನೆಗೆ ಇದೊಂದು ಹಿತ್ತಿಲ ಬಾಗಿಲಾಯಿತು. ಕೊಟ್ಟ ವಿಳಾಸದಲ್ಲಿರುವುದು ಯಾವ ಬಗೆಯ ದತ್ತಾಂಶವೆಂದು ಕರ್ನಲ್ಲಿಗಾಗಲಿ ಕಂಪೈಲರ್‌ಗಾಗಲಿ ತಿಳಿಯದು, ಆದುದರಿಂದ ಪರಿಶೀಲನೆಯ ಪೂರ್ತಿ ಭಾರ ಪ್ರತಿಯೊಬ್ಬ ಚಾಲಕಕರ್ತೃವಿನ ಮೇಲೆ ಬಿತ್ತು. ಇಂಟರ್‌ಫೇಸು ಎಲ್ಲವನ್ನೂ ಒಳಗೊಳ್ಳುವಷ್ಟು ಸಡಿಲವಾದರೆ ಏನನ್ನೂ ಕಾಯಲಾರದು ಎಂಬ ಪಾಠ ಇಲ್ಲಿದೆ.

೨೦೦೩ರ ಡಿಸೆಂಬರ್‌ನಲ್ಲಿ ಬಂದ ೨.೬ನೆಯ ಆವೃತ್ತಿಯು ಇನ್ನೊಂದು ಕೊರತೆಯನ್ನು ನೀಗಿಸಿತು. ಅದುವರೆಗೆ ಯಾವ ಸಾಧನ ಯಾವುದಕ್ಕೆ ಅಂಟಿಕೊಂಡಿದೆ ಎಂಬ ಸಮಗ್ರ ಚಿತ್ರ ಕರ್ನಲ್ಲಿಗೆ ಇರಲಿಲ್ಲ. ಹೊಸ ಮಾದರಿಯಲ್ಲಿ ಸಾಧನ, ಚಾಲಕ, ಅವೆರಡನ್ನೂ ಜೋಡಿಸುವ ಬಸ್ ಎಂಬ ಮೂರು ಪರಿಕಲ್ಪನೆಗಳನ್ನು ಸ್ಪಷ್ಟಪಡಿಸಲಾಯಿತು. ಸಾಧನವು ಕಂಡುಬಂದಾಗ ಚಾಲಕದ ಪ್ರೋಬ್ ಎಂಬ ಫಂಕ್ಷನ್ನನ್ನೂ, ಅದು ಹೊರಟುಹೋಗುವಾಗ ರಿಮೂವ್ ಎಂಬ ಫಂಕ್ಷನ್ನನ್ನೂ ಕರ್ನಲ್ಲೇ ಕರೆಯುತ್ತದೆ. ಸಾಧನಗಳು ಯಂತ್ರ ನಡೆಯುತ್ತಿರುವಾಗಲೇ ಬಂದು ಹೋಗುವ ಯುಎಸ್‌ಬಿ ಯುಗಕ್ಕೆ ಇದು ಅನಿವಾರ್ಯವಾಗಿತ್ತು.

೪. ಎರಡು ಗಡಿಗಳು, ಎರಡು ನೀತಿಗಳು

ಲಿನಕ್ಸ್‌ನಲ್ಲಿ ಎರಡು ಇಂಟರ್‌ಫೇಸುಗಳನ್ನು ಬೇರ್ಪಡಿಸಿ ನೋಡುವುದು ಅಗತ್ಯ. ಮೊದಲನೆಯದು ಕರ್ನಲ್ ಮತ್ತು ಆನ್ವಯಿಕ ತಂತ್ರಾಂಶಗಳ ನಡುವಿನದು. ಇದನ್ನು ಮುರಿಯಕೂಡದೆಂಬುದು ಟೋರ್ವಾಲ್ಡ್ಸ್ ಅವರ ಕಟ್ಟುನಿಟ್ಟಾದ ನಿಲುವು. ನಿನ್ನೆ ನಡೆಯುತ್ತಿದ್ದ ತಂತ್ರಾಂಶ ಹೊಸ ಕರ್ನಲ್ಲಿನಲ್ಲೂ ನಡೆಯಬೇಕು. ಎರಡನೆಯದು ಕರ್ನಲ್ ಮತ್ತು ಅದರೊಳಗಿನ ಚಾಲಕಗಳ ನಡುವಿನದು. ಇದು ಎಂದು ಬೇಕಾದರೂ ಬದಲಾಗಬಹುದು. ಈ ನೀತಿಯನ್ನು ಸಮರ್ಥಿಸಿ ಗ್ರೆಗ್ ಕ್ರೋ-ಹಾರ್ಟ್‌ಮನ್ ಅವರು ಬರೆದ ಟಿಪ್ಪಣಿಯೊಂದು ಕರ್ನಲ್ಲಿನ ದಾಖಲೆಗಳಲ್ಲಿಯೇ ಸೇರಿದೆ.

ಮೊದಲ ನೋಟಕ್ಕೆ ಎರಡನೆಯ ನೀತಿ ಬೇಜವಾಬ್ದಾರಿಯೆಂದು ತೋರಬಹುದು. ಅದರ ಹಿಂದಿನ ತರ್ಕ ಹೀಗಿದೆ. ಚಾಲಕಗಳ ಆಕರವು ಕರ್ನಲ್ಲಿನ ಆಕರದೊಂದಿಗೇ ಇದ್ದರೆ, ನಿಯಮವನ್ನು ಬದಲಿಸುವವನು ಅದನ್ನು ಬಳಸುವ ಎಲ್ಲ ಚಾಲಕಗಳನ್ನೂ ತಾನೇ ತಿದ್ದಬೇಕು ಮತ್ತು ತಿದ್ದಬಲ್ಲ. ಯುಎಸ್‌ಬಿ ವಿಭಾಗದ ಇಂಟರ್‌ಫೇಸು ಹೀಗೆ ಕನಿಷ್ಠ ಮೂರು ಬಾರಿ ಪುನರ್ರಚಿತವಾಯಿತೆಂದು ಮೇಲಿನ ಟಿಪ್ಪಣಿ ತಿಳಿಸುತ್ತದೆ. ದತ್ತಾಂಶ ತಲುಪುವವರೆಗೆ ಕಾಯುವ ಕ್ರಮದಿಂದ ಕಾಯದೆ ಮುಂದುವರಿಯುವ ಕ್ರಮಕ್ಕೆ ಬದಲಾದದ್ದು ಇವುಗಳಲ್ಲಿ ಒಂದು. ಹಳೆಯ ಕ್ರಮವನ್ನು ಉಳಿಸಿಕೊಳ್ಳಬೇಕಾದ ಕಟ್ಟುಪಾಡು ಇದ್ದಿದ್ದರೆ ದೋಷಪೂರಿತ ಕ್ರಮವೂ ಹೊಸ ಕ್ರಮದ ಜೊತೆಜೊತೆಗೆ ಶಾಶ್ವತವಾಗಿ ಉಳಿಯುತ್ತಿತ್ತು.

ವಿಂಡೋಸ್ ವ್ಯವಸ್ಥೆ ಬೇರೆ ಹಾದಿಯನ್ನು ಹಿಡಿದಿದೆ. ಅಲ್ಲಿ ತಯಾರಕರು ತಮ್ಮ ಚಾಲಕಗಳನ್ನು ಯಂತ್ರಭಾಷೆಯ ರೂಪದಲ್ಲಿ ಪ್ರತ್ಯೇಕವಾಗಿ ವಿತರಿಸುವುದರಿಂದ ಇಂಟರ್‌ಫೇಸನ್ನು ದೀರ್ಘಕಾಲ ಸ್ಥಿರವಾಗಿಡಬೇಕಾಗುತ್ತದೆ. ತಯಾರಕರಿಗೆ ಇದು ಅನುಕೂಲ. ಆಕರವನ್ನು ಬಹಿರಂಗಪಡಿಸದ ಸಂಸ್ಥೆಗಳು ಲಿನಕ್ಸ್‌ನಲ್ಲಿ ಪಡುವ ಕಷ್ಟವೂ ಅಲ್ಲಿಲ್ಲ. ಲಿನಕ್ಸ್‌ನ ನೀತಿಯ ಬೆಲೆಯನ್ನು ತೆರುವವರು ಇಂತಹ ಸಂಸ್ಥೆಗಳು ಮತ್ತು ಅವುಗಳ ಸಾಧನಗಳನ್ನು ಕೊಂಡ ಬಳಕೆದಾರರು. ತಯಾರಕರು ಕೈಬಿಟ್ಟ ಹಳೆಯ ಚಾಲಕವನ್ನು ನಂಬಿದ ಯಂತ್ರ ಹಳೆಯ ಕರ್ನಲ್ಲಿಗೇ ಕಟ್ಟುಬೀಳುತ್ತದೆ. ಎರಡು ನೀತಿಗಳಲ್ಲಿ ಒಂದು ಸರಿ, ಮತ್ತೊಂದು ತಪ್ಪು ಎನ್ನುವುದಕ್ಕಿಂತ ತಿದ್ದುಪಡಿಯ ವೆಚ್ಚವನ್ನು ಯಾರು ಹೊರಬೇಕೆಂಬ ಪ್ರಶ್ನೆಗೆ ಇವು ಎರಡು ಉತ್ತರಗಳು ಎನ್ನುವುದು ಯುಕ್ತ.

ಸಾವಿರಾರು ಚಾಲಕಗಳನ್ನು ಕೈಯಿಂದ ತಿದ್ದುವುದು ದುಸ್ತರ. ಫ್ರಾನ್ಸ್ ಮತ್ತು ಡೆನ್ಮಾರ್ಕಿನ ಸಂಶೋಧಕರು ರೂಪಿಸಿದ ಕಾಕ್ಸಿನೆಲ್ ಎಂಬ ಸಾಧನ ಈ ಸಂದರ್ಭದಲ್ಲಿ ಉಲ್ಲೇಖನೀಯ. ಹಳೆಯ ಬಳಕೆಯ ಮಾದರಿಯನ್ನೂ ಹೊಸದರ ಮಾದರಿಯನ್ನೂ ಬರೆದುಕೊಟ್ಟರೆ ಅದು ಆಕರದುದ್ದಕ್ಕೂ ಹುಡುಕಿ ಬದಲಾಯಿಸುತ್ತದೆ. ಇಂಟರ್‌ಫೇಸನ್ನು ತಿದ್ದುವ ಸಾಮರ್ಥ್ಯವು ನೀತಿಯ ಜೊತೆಗೆ ಇಂತಹ ಉಪಕರಣಗಳನ್ನೂ ಅವಲಂಬಿಸಿದೆ.

೫. ಒಡೆತನ ಮತ್ತು ಕಾಲ

ಒಂದು ಸಾಧಾರಣ ಚಾಲಕದ ಪ್ರೋಬ್ ಫಂಕ್ಷನ್ನಿನಲ್ಲಿ ನಡೆಯುವ ಕೆಲಸಗಳನ್ನು ಗಮನಿಸೋಣ. ಮೊದಲು ಸಾಧನದ ರಿಜಿಸ್ಟರುಗಳನ್ನು ಸ್ಮೃತಿಯ ವಿಳಾಸಗಳಿಗೆ ಹೊಂದಿಸಿಕೊಳ್ಳಬೇಕು. ಎರಡನೆಯದಾಗಿ ಅದರ ಗಡಿಯಾರ ಸಂಕೇತವನ್ನು ಚಾಲೂ ಮಾಡಬೇಕು. ಮೂರನೆಯದಾಗಿ ದತ್ತಾಂಶಕ್ಕಾಗಿ ಸ್ಮೃತಿಯನ್ನು ಪಡೆಯಬೇಕು. ನಾಲ್ಕನೆಯದಾಗಿ, ಸಾಧನವು ಗಮನ ಸೆಳೆಯಲು ಕಳುಹಿಸುವ ಇಂಟರಪ್ಟ್ ಸಂಕೇತಕ್ಕೆ ಉತ್ತರಿಸುವ ಫಂಕ್ಷನ್ನನ್ನು ಗೊತ್ತುಪಡಿಸಬೇಕು. ಕೊನೆಯಲ್ಲಿ ಸಾಧನವು ಸಿದ್ಧವಾಗಿದೆಯೆಂದು ಕರ್ನಲ್ಲಿನಲ್ಲಿ ನೋಂದಾಯಿಸಬೇಕು. ನೋಂದಣಿ ಕೊನೆಯಲ್ಲೇ ಆಗಬೇಕೆಂಬುದಕ್ಕೆ ಕಾರಣವಿದೆ. ನೋಂದಾಯಿತವಾದ ಮರುಕ್ಷಣವೇ ಯಾರಾದರೂ ಸಾಧನವನ್ನು ತೆರೆಯಬಹುದು.

ನಾಲ್ಕನೆಯ ಹೆಜ್ಜೆ ವಿಫಲವಾದರೆ ಮೂರು, ಎರಡು, ಒಂದು ಎಂಬ ವಿಲೋಮ ಕ್ರಮದಲ್ಲಿ ಎಲ್ಲವನ್ನೂ ಹಿಂದಿರುಗಿಸಬೇಕು. ಬಹುಕಾಲ ಈ ಹೊಣೆ ಚಾಲಕಕರ್ತೃವಿನದಾಗಿತ್ತು. ವೈಫಲ್ಯ ಅಪರೂಪವಾದುದರಿಂದ ಆ ದಾರಿಯ ಪರೀಕ್ಷೆಯೂ ಅಪರೂಪ. ಒಂದು ಹೆಜ್ಜೆಯನ್ನು ಮರೆತರೆ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ೨೦೦೭ರ ಏಪ್ರಿಲ್‌ನಲ್ಲಿ ಬಂದ ೨.೬.೨೧ನೆಯ ಆವೃತ್ತಿಯಲ್ಲಿ ಟೆಜುನ್ ಹಿಯೊ ಅವರು ಹೊಸ ವ್ಯವಸ್ಥೆಯೊಂದನ್ನು ಸೇರಿಸಿದರು. ಇದರಲ್ಲಿ ಪಡೆದ ಪ್ರತಿಯೊಂದು ಸಂಪನ್ಮೂಲವೂ ಆ ಸಾಧನದ ಹೆಸರಿನ ಲೆಕ್ಕಕ್ಕೆ ಸೇರುತ್ತದೆ. ಪ್ರೋಬ್ ವಿಫಲವಾದಾಗ ಅಥವಾ ಸಾಧನ ಬೇರ್ಪಟ್ಟಾಗ ಕರ್ನಲ್ಲೇ ವಿಲೋಮ ಕ್ರಮದಲ್ಲಿ ಅವೆಲ್ಲವನ್ನೂ ಬಿಡುಗಡೆ ಮಾಡುತ್ತದೆ. ಸಾವಿರ ಮಂದಿ ಸಾವಿರ ಕಡೆ ನೆನಪಿಡಬೇಕಾಗಿದ್ದ ಕೆಲಸವನ್ನು ಒಂದೇ ಕಡೆ ಒಮ್ಮೆ ಸರಿಯಾಗಿ ಮಾಡಿಟ್ಟಂತಾಯಿತು.

ಆದರೆ ಇದೂ ಸರ್ವರೋಗಕ್ಕೆ ಮದ್ದಲ್ಲ. ಬಳಕೆದಾರನ ತಂತ್ರಾಂಶವೊಂದು ಯುಎಸ್‌ಬಿ ಸಾಧನವನ್ನು ತೆರೆದಿಟ್ಟುಕೊಂಡಿರುವಾಗಲೇ ಯಾರೋ ಅದನ್ನು ಕಿತ್ತರೆಂದು ಭಾವಿಸೋಣ. ಸಾಧನ ಹೋಯಿತು, ಅದರ ಲೆಕ್ಕದಲ್ಲಿದ್ದ ಸ್ಮೃತಿ ಬಿಡುಗಡೆಯಾಯಿತು. ತೆರೆದ ಕಡತ ಮಾತ್ರ ಇನ್ನೂ ಉಳಿದಿದೆ. ಮುಂದಿನ ಓದಿನ ಕರೆ ಬಂದಾಗ ಚಾಲಕವು ಇಲ್ಲದ ಸ್ಮೃತಿಯನ್ನು ಮುಟ್ಟುತ್ತದೆ. ಸಾಧನದ ಆಯುಷ್ಯ ಬೇರೆ, ಅದನ್ನು ಬಳಸುತ್ತಿರುವವರು ಹಿಡಿದಿರುವ ವಸ್ತುವಿನ ಆಯುಷ್ಯ ಬೇರೆ. ಎರಡನೆಯದಕ್ಕೆ, ಎಷ್ಟು ಮಂದಿ ಹಿಡಿದಿದ್ದಾರೆಂದು ಎಣಿಸಿ ಕೊನೆಯವನು ಬಿಟ್ಟಾಗ ಮಾತ್ರ ಬಿಡುಗಡೆ ಮಾಡುವ ಕ್ರಮವೇ ಬೇಕು. ಒಂದು ಅನುಕೂಲವನ್ನು ಒದಗಿಸುವ ಇಂಟರ್‌ಫೇಸು ಆ ಅನುಕೂಲದ ಎಲ್ಲೆಯನ್ನೂ ತಿಳಿಸಬೇಕೆಂಬುದು ಇದರಿಂದ ವ್ಯಕ್ತವಾಗುತ್ತದೆ.

ಇದೇ ವಿಷಯದ ಮತ್ತೊಂದು ಮುಖ ಇತ್ತೀಚಿನದು. ಪ್ಲಾಟ್‌ಫಾರ್ಮ್ ಸಾಧನಗಳೆಂಬ ವರ್ಗದಲ್ಲಿ ರಿಮೂವ್ ಫಂಕ್ಷನ್ನು ಒಂದು ಪೂರ್ಣಾಂಕವನ್ನು ಹಿಂದಿರುಗಿಸಬೇಕಾಗಿತ್ತು. ಅದನ್ನು ನೋಡಿದ ಚಾಲಕಕರ್ತೃಗಳು, ದೋಷಸೂಚಕ ಸಂಖ್ಯೆಯನ್ನು ಕೊಟ್ಟರೆ ಬೇರ್ಪಡಿಸುವ ಕಾರ್ಯವನ್ನು ತಡೆಹಿಡಿಯಬಹುದೆಂದು ಸಹಜವಾಗಿಯೇ ತಿಳಿದರು. ವಾಸ್ತವದಲ್ಲಿ ಕರ್ನಲ್ ಆ ಸಂಖ್ಯೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಸಾಧನವನ್ನು ಬೇರ್ಪಡಿಸಿಯೇ ಬಿಡುತ್ತಿತ್ತು. ಅರ್ಧಕ್ಕೆ ಹಿಂದಿರುಗಿದ ಚಾಲಕದ ಸಂಪನ್ಮೂಲಗಳು ಅನಾಥವಾಗಿ ಉಳಿಯುತ್ತಿದ್ದವು. ೨೦೨೩ರಲ್ಲಿ ಬೆಲೆಯನ್ನು ಹಿಂದಿರುಗಿಸದ ಹೊಸ ರೂಪವನ್ನು ಹಳೆಯದರ ಪಕ್ಕದಲ್ಲಿ ಸೇರಿಸಿ, ಚಾಲಕಗಳನ್ನು ಒಂದೊಂದಾಗಿ ಅದಕ್ಕೆ ಬದಲಾಯಿಸಿ, ೨೦೨೪ರಲ್ಲಿ ಹಳೆಯ ರೂಪವನ್ನು ತೆಗೆದುಹಾಕಲಾಯಿತು. ಈಡೇರಿಸಲಾಗದ ಭರವಸೆಯನ್ನು ಫಂಕ್ಷನ್ನಿನ ಸ್ವರೂಪವೇ ನೀಡಬಾರದೆಂಬುದಕ್ಕೆ ಇದಕ್ಕಿಂತ ಸ್ಫುಟವಾದ ನಿದರ್ಶನ ವಿರಳ.

೬. ಸಂದರ್ಭದ ನಿಯಮ ಮತ್ತು ಬೀಗ

ಕರ್ನಲ್ಲಿನಲ್ಲಿ ಏನು ಮಾಡಬಹುದೆಂಬುದು ಯಾವಾಗ ಮಾಡುತ್ತಿದ್ದೇವೆ ಎಂಬುದನ್ನು ಅವಲಂಬಿಸಿರುತ್ತದೆ. ಇಂಟರಪ್ಟ್‌ಗೆ ಉತ್ತರಿಸುತ್ತಿರುವಾಗ ಕಾಯುವಂತಿಲ್ಲ. ಸ್ಮೃತಿಯನ್ನು ಕೇಳುವಾಗಲೂ ಕಾಯಬಲ್ಲೆನೇ ಇಲ್ಲವೇ ಎಂಬುದನ್ನು ಚಾಲಕವು ಸೂಚಿಸಬೇಕು. ಈ ನಿಯಮವನ್ನು ಮೀರಿದ ಚಾಲಕ ಸಾವಿರ ಬಾರಿ ಸರಿಯಾಗಿ ನಡೆದು ಸಾವಿರದ ಒಂದನೆಯ ಬಾರಿ ಯಂತ್ರವನ್ನೇ ನಿಲ್ಲಿಸಬಹುದು. ೨೦೦೯ರ ೨.೬.೩೦ನೆಯ ಆವೃತ್ತಿಯಿಂದ ಇಂಟರಪ್ಟ್‌ನ ತುರ್ತು ಕೆಲಸವನ್ನು ಮಾತ್ರ ಅಲ್ಲಿಯೇ ಮುಗಿಸಿ, ಉಳಿದುದನ್ನು ಕಾಯಲು ಅವಕಾಶವಿರುವ ಪ್ರತ್ಯೇಕ ಎಳೆಯಲ್ಲಿ ನಡೆಸುವ ಏರ್ಪಾಟು ದೊರೆಯಿತು. ನಿಯಮವನ್ನು ಬೋಧಿಸುವುದರ ಬದಲು, ನಿಯಮ ಅಡ್ಡಬಾರದ ಜಾಗವನ್ನು ಇಂಟರ್‌ಫೇಸೇ ಒದಗಿಸಿತು.

ಹಿಂದೆ ಕೊಟ್ಟ ಮೌನವಾದ ಭರವಸೆಯನ್ನು ಹಿಂತೆಗೆದುಕೊಳ್ಳುವುದು ಎಷ್ಟು ಕಠಿಣವೆಂಬುದನ್ನು ಮಹಾಬೀಗದ ಇತಿಹಾಸ ತಿಳಿಸುತ್ತದೆ. ಒಂದಕ್ಕಿಂತ ಹೆಚ್ಚು ಪ್ರೊಸೆಸರ್‌ಗಳಿರುವ ಯಂತ್ರಗಳಿಗಾಗಿ ೧೯೯೬ರ ೨.೦ನೆಯ ಆವೃತ್ತಿಯಲ್ಲಿ ಇಡೀ ಕರ್ನಲ್ಲಿಗೆ ಒಂದೇ ಬೀಗವನ್ನು ಅಳವಡಿಸಲಾಗಿತ್ತು. ಐಆಕ್ಟಲ್ ಕರೆಯನ್ನು ಈ ಬೀಗ ಹಿಡಿದುಕೊಂಡೇ ನಡೆಸಲಾಗುತ್ತಿತ್ತು. ಚಾಲಕಕರ್ತೃಗಳು ಬೀಗದ ಇರವನ್ನು ಅರಿತೋ ಅರಿಯದೆಯೋ ಅದರ ರಕ್ಷಣೆಯನ್ನು ನಂಬಿ ಬರೆದರು. ಯಂತ್ರಗಳಲ್ಲಿ ಪ್ರೊಸೆಸರ್‌ಗಳ ಸಂಖ್ಯೆ ಹೆಚ್ಚಿದಂತೆ ಒಂದೇ ಬೀಗಕ್ಕಾಗಿ ಎಲ್ಲರೂ ಕಾಯುವುದು ಅಸಹನೀಯವಾಯಿತು. ೨೦೦೫ರ ೨.೬.೧೧ರಲ್ಲಿ ಬೀಗವಿಲ್ಲದ ಐಆಕ್ಟಲ್ ರೂಪವನ್ನು ಸೇರಿಸಲಾಯಿತು. ಹಳೆಯ ರೂಪ ಹೊರಟುಹೋದದ್ದು ೨೦೧೦ರ ೨.೬.೩೬ರಲ್ಲಿ, ಮಹಾಬೀಗವೇ ತೊಲಗಿದ್ದು ೨೦೧೧ರ ಮೇ ತಿಂಗಳಲ್ಲಿ ಬಂದ ೨.೬.೩೯ರಲ್ಲಿ. ಎಲ್ಲಿಯೂ ಬರೆದಿರದಿದ್ದ ಒಂದು ಭರವಸೆಯನ್ನು ಕಳಚಲು ಹದಿನೈದು ವರ್ಷಗಳು ಹಿಡಿದವು.

೭. ತಪ್ಪಲು ಕಷ್ಟವಾಗುವಂತೆ

ಇಂಟರ್‌ಫೇಸು ಬಳಸಲು ಸುಲಭವಾಗಿರಬೇಕೆಂಬುದು ಸಾಮಾನ್ಯವಾದ ಮಾತು. ಕರ್ನಲ್ಲಿನ ಪ್ರಮುಖ ರಚನಕಾರರಲ್ಲಿ ಒಬ್ಬರಾದ ರಸ್ಟಿ ರಸೆಲ್ ಅವರು ೨೦೦೩ರ ಸುಮಾರಿನಿಂದ ಪ್ರತಿಪಾದಿಸಿದ ಮಾನದಂಡ ಇದಕ್ಕಿಂತ ಭಿನ್ನವಾದುದು. ತಪ್ಪಾಗಿ ಬಳಸುವುದು ಎಷ್ಟು ಕಷ್ಟ ಎಂಬುದೇ ಅವರ ಪ್ರಶ್ನೆ. ಅವರ ಶ್ರೇಣಿಯ ತುದಿಯಲ್ಲಿ ತಪ್ಪಾಗಿ ಬಳಸಲು ಸಾಧ್ಯವೇ ಇಲ್ಲದ ಇಂಟರ್‌ಫೇಸು ಇದೆ. ಅದರ ಕೆಳಗೆ ತಪ್ಪಿದರೆ ಕಂಪೈಲರ್ ತಡೆಯುವಂತಹದು, ಹೆಸರೇ ಬಳಕೆಯನ್ನು ಸೂಚಿಸುವಂತಹದು, ದಾಖಲೆಯನ್ನು ಓದಿದರೆ ಮಾತ್ರ ತಿಳಿಯುವಂತಹದು ಎಂದು ಮೆಟ್ಟಿಲುಗಳು ಇಳಿಯುತ್ತವೆ. ಸರಿಯಾಗಿ ಬಳಸುವುದೇ ಅಸಾಧ್ಯವಾದುದು ಕಟ್ಟಕಡೆಯಲ್ಲಿದೆ.

ಈ ಮಾನದಂಡವನ್ನು ಎರಡು ಉದಾಹರಣೆಗಳಿಂದ ಪರೀಕ್ಷಿಸಬಹುದು. ಜಿಪಿಐಓ ಎಂದು ಕರೆಯಲಾಗುವ, ಒಂದೊಂದು ತಂತಿಯನ್ನು ಏರಿಸುವ ಇಳಿಸುವ ಸರಳ ಸೌಲಭ್ಯದಲ್ಲಿ ಮೊದಲು ಪ್ರತಿಯೊಂದು ತಂತಿಗೂ ಒಂದು ಪೂರ್ಣಾಂಕವಿತ್ತು. ಪೂರ್ಣಾಂಕವನ್ನು ಯಾರು ಬೇಕಾದರೂ ಊಹಿಸಬಹುದು, ಕೂಡಬಹುದು, ತಪ್ಪಾಗಿ ಬರೆಯಬಹುದು. ತನ್ನದಲ್ಲದ ತಂತಿಯನ್ನು ಎಳೆದರೂ ಕಂಪೈಲರ್‌ಗೆ ತಿಳಿಯದು. ಕೆಲವು ಸಾಧನಗಳಲ್ಲಿ ತಂತಿ ಇಳಿದಾಗ ಕೆಲಸ ಆರಂಭ, ಇನ್ನು ಕೆಲವದರಲ್ಲಿ ಏರಿದಾಗ. ಈ ಭೇದವನ್ನೂ ಪ್ರತಿ ಚಾಲಕವೇ ನೆನಪಿಡಬೇಕಾಗಿತ್ತು. ೨೦೧೪ರ ಜನವರಿಯಲ್ಲಿ ಬಂದ ೩.೧೩ನೆಯ ಆವೃತ್ತಿಯು ಸಂಖ್ಯೆಯ ಸ್ಥಾನದಲ್ಲಿ ಡಿಸ್ಕ್ರಿಪ್ಟರ್ ಎಂಬ ಮುಚ್ಚಿದ ಗುರುತನ್ನು ತಂದಿತು. ಅದನ್ನು ಕರ್ನಲ್ಲಿನಿಂದ ಕೇಳಿಯೇ ಪಡೆಯಬೇಕು, ಊಹಿಸಲು ಬರುವುದಿಲ್ಲ. ಏರಿಕೆ ಇಳಿಕೆಗಳ ಭೇದವು ಯಂತ್ರದ ವಿವರಣೆಯಲ್ಲಿ ದಾಖಲಾಗಿರುವುದರಿಂದ ಚಾಲಕವು ಕೆಲಸ ನಡೆಯಲಿ ಅಥವಾ ನಿಲ್ಲಲಿ ಎಂದಷ್ಟೇ ಹೇಳುತ್ತದೆ. ಕಾಯಬೇಕಾಗಿ ಬರಬಹುದಾದ ಸಂದರ್ಭಗಳಿಗೆ ಹೆಸರಿನಲ್ಲೇ ಅದನ್ನು ಸೂಚಿಸುವ ಪ್ರತ್ಯೇಕ ಫಂಕ್ಷನ್ನುಗಳಿವೆ.

ಎರಡನೆಯ ಉದಾಹರಣೆ ಟೈಮರ್‌ನದು. ಗೊತ್ತಾದ ಹೊತ್ತಿಗೆ ಒಂದು ಫಂಕ್ಷನ್ನನ್ನು ಕರೆಯುವ ಈ ಸೌಲಭ್ಯದಲ್ಲಿ ಫಂಕ್ಷನ್ನಿನ ವಿಳಾಸವನ್ನೂ ಅದಕ್ಕೆ ಕೊಡಬೇಕಾದ ಒಂದು ಸಂಖ್ಯೆಯನ್ನೂ ಅಕ್ಕಪಕ್ಕದಲ್ಲಿ ಇಡಲಾಗುತ್ತಿತ್ತು. ಚಾಲಕಗಳು ಆ ಸಂಖ್ಯೆಯ ಜಾಗದಲ್ಲಿ ಒಂದು ವಿಳಾಸವನ್ನು ಅಡಗಿಸಿಟ್ಟು ಅನಂತರ ಅದನ್ನು ಮತ್ತೆ ವಿಳಾಸವಾಗಿ ಓದುತ್ತಿದ್ದವು. ವಿಳಾಸ ಯಾವ ಬಗೆಯ ವಸ್ತುವಿನದೆಂದು ಪರಿಶೀಲಿಸುವ ದಾರಿ ಇರಲಿಲ್ಲ. ಸ್ಮೃತಿಯ ದೋಷವೊಂದನ್ನು ಬಳಸಿ ಎರಡನ್ನೂ ಒಟ್ಟಿಗೆ ಬದಲಿಸಬಲ್ಲ ಆಕ್ರಮಣಕಾರನಿಗೆ ತನಗೆ ಬೇಕಾದ ಫಂಕ್ಷನ್ನನ್ನು ಬೇಕಾದ ಬೆಲೆಯೊಂದಿಗೆ ನಡೆಸುವ ಅವಕಾಶವೂ ಇತ್ತು. ೨೦೧೭ರಲ್ಲಿ ಕೀಸ್ ಕುಕ್ ಅವರ ಮುಂದಾಳುತನದಲ್ಲಿ ಕರೆಯುವ ಕ್ರಮವನ್ನೇ ಬದಲಿಸಿ, ಆ ಸಂಖ್ಯೆಯ ಜಾಗದಲ್ಲಿ ಟೈಮರ್‌ನ ವಿಳಾಸವನ್ನೇ ಕೊಡುವಂತೆ ಮಾಡಲಾಯಿತು. ಆಕರದುದ್ದಕ್ಕೂ ಹರಡಿದ್ದ ಬಳಕೆಗಳನ್ನು ತಿದ್ದಲು ಕಾಕ್ಸಿನೆಲ್ ನೆರವಾಯಿತು. ಒಳಗಿನ ಇಂಟರ್‌ಫೇಸು ಸ್ಥಿರವಾಗಿರಲೇಬೇಕೆಂಬ ನಿಯಮವಿದ್ದಿದ್ದರೆ ಈ ರಕ್ಷಣೆ ಸಾಧ್ಯವಾಗುತ್ತಿರಲಿಲ್ಲ.

೮. ಸಾಮಾನ್ಯೀಕರಣದ ಅಳತೆ

ಒಂದೇ ಬಗೆಯ ಹತ್ತು ಚಾಲಕಗಳಲ್ಲಿ ಸಮಾನವಾದ ಅಂಶಗಳಿದ್ದಾಗ ಅವನ್ನು ಹೊರತೆಗೆದು ನಡುವೆ ಒಂದು ಪದರವನ್ನು ನಿರ್ಮಿಸುವುದು ಸಹಜ. ಈ ನಡುಪದರ ಎಲ್ಲ ಅಧಿಕಾರವನ್ನೂ ತಾನೇ ಹಿಡಿದುಕೊಂಡು, ಚಾಲಕಕ್ಕೆ ತುಂಬಲು ಕೆಲವು ಖಾಲಿ ಜಾಗಗಳನ್ನು ಮಾತ್ರ ಬಿಟ್ಟರೆ ತೊಡಕು ಆರಂಭವಾಗುತ್ತದೆ. ಹನ್ನೊಂದನೆಯ ಸಾಧನ ಸ್ವಲ್ಪ ಭಿನ್ನವಾಗಿ ಬಂದಾಗ ಪದರದೊಳಗೆ ಅದಕ್ಕೊಂದು ವಿನಾಯಿತಿ, ಹನ್ನೆರಡನೆಯದಕ್ಕೆ ಮತ್ತೊಂದು ವಿನಾಯಿತಿ ಸೇರಿ ಪದರವೇ ಅರ್ಥವಾಗದ ಗೋಜಲಾಗುತ್ತದೆ. ಇದನ್ನು ನಡುಪದರದ ಪ್ರಮಾದವೆಂದು ಕರೆದು ನೀಲ್ ಬ್ರೌನ್ ಅವರು ೨೦೦೯ರಲ್ಲಿ ಚರ್ಚಿಸಿದ್ದಾರೆ. ಅವರು ಸೂಚಿಸುವ ಪರ್ಯಾಯವೆಂದರೆ ಸಮಾನಾಂಶಗಳನ್ನು ಗ್ರಂಥಾಲಯದ ಸ್ವರೂಪದಲ್ಲಿ ಒದಗಿಸುವುದು. ಮೇಲಿನಿಂದ ಬಂದ ಕರೆ ನೇರವಾಗಿ ಚಾಲಕಕ್ಕೆ ತಲುಪಲಿ. ಚಾಲಕವು ತನಗೆ ಬೇಕಾದ ಸಹಾಯಕ ಫಂಕ್ಷನ್ನುಗಳನ್ನು ಆರಿಸಿಕೊಳ್ಳಲಿ, ಬೇಡವಾದುದನ್ನು ಬಿಡಲಿ.

ಒಂದೇ ಸಾಧನವನ್ನು ನೋಡಿ ರೂಪಿಸಿದ ಇಂಟರ್‌ಫೇಸು ಆ ಸಾಧನದ ಪ್ರತಿಬಿಂಬವಾಗಿರುತ್ತದೆ. ಮುಂದೆ ಬರಬಹುದಾದ ಎಲ್ಲವನ್ನೂ ಕಲ್ಪಿಸಿಕೊಂಡು ರೂಪಿಸಿದುದು ಯಾರಿಗೂ ಒಗ್ಗದು. ಕೆಲವು ಭಿನ್ನ ಚಾಲಕಗಳು ಕಣ್ಣೆದುರಿಗಿದ್ದಾಗ ಅವುಗಳಲ್ಲಿ ನಿಜವಾಗಿ ಸಮಾನವಾದುದನ್ನು ಮಾತ್ರ ಎತ್ತಿಕೊಳ್ಳುವುದು ವಿವೇಕ.

೯. ಉಪಸಂಹಾರ

೨೦೨೨ರ ಡಿಸೆಂಬರ್‌ನಲ್ಲಿ ಬಂದ ೬.೧ನೆಯ ಆವೃತ್ತಿಯಲ್ಲಿ ರಸ್ಟ್ ಭಾಷೆಗೆ ಲಿನಕ್ಸ್ ಪ್ರವೇಶ ನೀಡಿತು. ಒಡೆತನ, ಆಯುಷ್ಯ, ಬೀಗದ ರಕ್ಷಣೆ ಮೊದಲಾದ ನಿಯಮಗಳಲ್ಲಿ ಹಲವನ್ನು ಈ ಭಾಷೆಯ ಕಂಪೈಲರ್ ತಾನೇ ಪರಿಶೀಲಿಸಬಲ್ಲದು. ಆದರೆ ಪರಿಶೀಲಿಸಬೇಕಾದರೆ 'ಈ ವಸ್ತು ಯಾರದು, ಎಲ್ಲಿಯವರೆಗೆ' ಎಂಬುದನ್ನು ಮೊದಲು ಬರೆಯಬೇಕು. ಸಿ ಭಾಷೆಯಲ್ಲಿ ಮೌನವಾಗಿ ಉಳಿದಿದ್ದ ಹಳೆಯ ನಿಯಮಗಳನ್ನು ಹೊಸ ಭಾಷೆಯಲ್ಲಿ ಸ್ಪಷ್ಟಪಡಿಸುವ ಯತ್ನದಲ್ಲಿ, ಅವು ನಿಜವಾಗಿ ಏನೆಂಬ ಪ್ರಶ್ನೆ ಮತ್ತೆ ಮತ್ತೆ ಏಳುತ್ತದೆ. ಭಾಷೆ ಬದಲಾದರೂ ಒಡಂಬಡಿಕೆಯನ್ನು ಯೋಚಿಸಿ ಬರೆಯುವ ಹೊಣೆ ಮನುಷ್ಯನದಾಗಿಯೇ ಉಳಿಯುತ್ತದೆ.

ಈ ವಿಷಯ ಕರ್ನಾಟಕಕ್ಕೆ ದೂರದ್ದಲ್ಲ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಸಂಸ್ಥೆಯು ೧೯೮೫ರಲ್ಲಿ ಬೆಂಗಳೂರಿನಲ್ಲಿ ತನ್ನ ಕೇಂದ್ರವನ್ನು ತೆರೆದಂದಿನಿಂದ ಈ ನಗರವು ಅರೆವಾಹಕ ವಿನ್ಯಾಸದ ಮುಖ್ಯ ನೆಲೆಗಳಲ್ಲಿ ಒಂದಾಗಿ ಬೆಳೆದಿದೆ. ಹೊಸ ಚಿಪ್ಪಿನೊಂದಿಗೆ ಅದರ ಚಾಲಕವನ್ನೂ ಬರೆಯುವ ಎಂಜಿನಿಯರುಗಳು ಇಲ್ಲಿದ್ದಾರೆ. ನಮ್ಮ ತಾಂತ್ರಿಕ ಶಿಕ್ಷಣದಲ್ಲಿ ಇಂಟರ್‌ಫೇಸನ್ನು ಬಳಸುವುದನ್ನು ಕಲಿಸುವಷ್ಟು ಶ್ರದ್ಧೆಯಿಂದ ಅದನ್ನು ರೂಪಿಸುವುದನ್ನೂ ಕಲಿಸುವುದು ಅಪೇಕ್ಷಣೀಯ. ಅದಕ್ಕೆ ಮೇಲೆ ವಿವರಿಸಿದ ತಿದ್ದುಪಡಿಗಳ ಇತಿಹಾಸಕ್ಕಿಂತ ಉತ್ತಮವಾದ ಪಠ್ಯ ಬೇರೆ ಬೇಕಿಲ್ಲ.

ಒಟ್ಟಾರೆಯಾಗಿ ಹೇಳುವುದಾದರೆ, ಚಾಲಕದ ಇಂಟರ್‌ಫೇಸನ್ನು ರೂಪಿಸುವವನು ಪ್ರತಿಯೊಂದು ಫಂಕ್ಷನ್ನಿನ ಎದುರಿಗೂ ನಾಲ್ಕು ಪ್ರಶ್ನೆಗಳನ್ನು ಇಟ್ಟುಕೊಳ್ಳಬೇಕಾಗುತ್ತದೆ. ಕೊಟ್ಟ ವಸ್ತು ಯಾರದು? ಎಷ್ಟು ಕಾಲ ಇರುತ್ತದೆ? ಯಾವ ಸಂದರ್ಭದಲ್ಲಿ ಕರೆ ಬರುತ್ತದೆ? ತಪ್ಪಾಗಿ ಬಳಸಿದರೆ ಮೊದಲು ತಿಳಿಯುವುದು ಯಾರಿಗೆ: ಕಂಪೈಲರ್‌ಗೋ, ಚಾಲಕಕರ್ತೃವಿಗೋ, ಅಥವಾ ಕೆಟ್ಟುಹೋದ ಯಂತ್ರದ ಮುಂದೆ ಕುಳಿತ ಬಳಕೆದಾರನಿಗೋ? ಕೊನೆಯ ಪ್ರಶ್ನೆಗೆ ಬಳಕೆದಾರನೆಂಬ ಉತ್ತರ ಬರುತ್ತಿದ್ದರೆ ಆ ಒಡಂಬಡಿಕೆಯನ್ನು ಮತ್ತೆ ಬರೆಯುವುದೇ ಲೇಸು.